ನಿಧಿಯೋ ನಿಕ್ಷೇಪವೋ: ಆರೆಗನ್ ಕಡಲತಡಿಯ ಗಾಜಿನ ಬುರುಡೆಗಳು

ಶಾಸನಪಾಠ ಹೇಳುವವರಿಗೆಲ್ಲ ಚಿರಪರಿಚಿತವಾದ ಪದಪುಂಜವೊಂದಿದೆ. ಭೂದಾನವನ್ನು ದಾಖಲಿಸುವ ಶಾಸನಗಳಲ್ಲಿ, ಅದರಲ್ಲೂ ವಿಜಯನಗರ ಕಾಲದವುಗಳಲ್ಲಿ, ದಾನ ಪಡೆದವನಿಗೆ ಆ ನೆಲದ ಮೇಲೆ ಸಲ್ಲುವ ಹಕ್ಕುಗಳನ್ನು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಎಂಟಾಗಿ ಎಣಿಸುವುದುಂಟು. ಅಷ್ಟಭೋಗವೆಂದು ಇದಕ್ಕೆ ಹೆಸರು. ತರಗತಿಯಲ್ಲಿ ನಾವು ಜಲಕ್ಕೂ ಪಾಷಾಣಕ್ಕೂ ಸಾಕಷ್ಟು ಹೊತ್ತು ಕೊಡುತ್ತೇವೆ. ಕೆರೆ, ಬಾವಿ, ಕಲ್ಲುಗಣಿ ಎಂದರೆ ವಿದ್ಯಾರ್ಥಿಗಳಿಗೆ ಸುಲಭವಾಗಿ ತಿಳಿಯುತ್ತದೆ. ಮೊದಲಿನ ಎರಡನ್ನು ಮಾತ್ರ ‘ನೆಲದಲ್ಲಿ ಹುದುಗಿದ ಸಂಪತ್ತು’ ಎಂದು ಒಂದೇ ಗಂಟು ಕಟ್ಟಿ ದಾಟಿಬಿಡುವುದು ವಾಡಿಕೆ. ಹಲವು ವರ್ಷಗಳ ಹಿಂದೆ ವಿದ್ಯಾರ್ಥಿನಿಯೊಬ್ಬರು, ಎರಡೂ ಒಂದೇ ಆಗಿದ್ದರೆ ಎರಡು ಪದಗಳೇಕೆ ಎಂದು ಕೇಳಿದ್ದರು. ನಾವು ಆಗ ಕೊಟ್ಟ ಉತ್ತರದಿಂದ ಅವರಿಗೂ ಸಮಾಧಾನವಾಗಿರಲಿಲ್ಲ, ನಮಗೂ ಆಗಿರಲಿಲ್ಲ.

ಆ ವಿದ್ಯಾರ್ಥಿನಿ ಈಗ ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲೆಂಡ್ ನಗರದಲ್ಲಿ ನೆಲಸಿದ್ದಾರೆ. ಕಳೆದ ಚಳಿಗಾಲದಲ್ಲಿ ಧಾರವಾಡದಿಂದ ತಮ್ಮ ತಾಯಿಯವರನ್ನು ಕರೆಸಿಕೊಂಡಿದ್ದರು. ಅಲ್ಲಿಂದ ಎರಡು ತಾಸಿನ ದಾರಿಯ ಲಿಂಕನ್ ಸಿಟಿ ಎಂಬ ಕಡಲತಡಿಯ ಊರಿಗೆ ಇಬ್ಬರೂ ಹೋದರು. ಬೆಳಗಿನ ನಡಿಗೆಯಲ್ಲಿ ತಾಯಿಯವರು ಸ್ವಲ್ಪ ಮುಂದಿದ್ದರು. ಕೊಚ್ಚಿಬಂದ ಮರದ ದಿಮ್ಮಿಯೊಂದರ ಮಗ್ಗುಲಲ್ಲಿ ಚಕ್ಕೋತ ಹಣ್ಣಿನ ಗಾತ್ರದ, ನೀಲಿ ಹಸಿರು ಬೆರೆತ ಗಾಜಿನ ಗುಂಡೊಂದು ಅವರ ಕಣ್ಣಿಗೆ ಬಿತ್ತು. ಬಗ್ಗಿ ನೋಡಿದರು, ಚೆಂದವಿದೆಯೆಂದುಕೊಂಡರು, ಮುಂದೆ ನಡೆದುಬಿಟ್ಟರು. ಕಾರಿನ ಬಳಿ ಬಂದ ಮೇಲೆ ಮಾತಿನ ನಡುವೆ ಅದನ್ನು ಹೇಳಿದಾಗ ಮಗಳು ತಲೆಯ ಮೇಲೆ ಕೈ ಹೊತ್ತುಕೊಂಡರಂತೆ. ಆ ಊರಿಗೆ ಜನ ಬರುವುದೇ ಆ ಗುಂಡನ್ನು ಹುಡುಕಲು. ‘ಯಾಕ ತಗೊಳ್ಳಿಲ್ಲವ್ವಾ’ ಎಂದು ಕೇಳಿದ್ದಕ್ಕೆ ತಾಯಿಯವರ ಉತ್ತರ ಚಿಕ್ಕದಾಗಿತ್ತು: ‘ಯಾರದೋ ಏನೋ. ನಮ್ಮದಲ್ಲದ್ದು ನಮಗ್ಯಾಕ?’

ವಿದ್ಯಾರ್ಥಿನಿ ಇದನ್ನು ತಮಾಷೆಯ ಪ್ರಸಂಗವೆಂದೇ ನಮಗೆ ಬರೆದು, ಕೊನೆಗೆ ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತಿದ್ದರು. ಆ ಗುಂಡು ನಿಧಿಯೋ, ನಿಕ್ಷೇಪವೋ? ಪ್ರಸ್ತುತ ಬರಹ ಆ ಪತ್ರಕ್ಕೆ ನಾವು ಬರೆಯತೊಡಗಿದ ಉತ್ತರದ ವಿಸ್ತೃತ ರೂಪ. ಅಪರಿಚಿತರಿಗೆ ಸಿಗಲೆಂದೇ ಪುಟ್ಟ ವಸ್ತುಗಳನ್ನು ಬಚ್ಚಿಡುವುದು ಇಂದು ಸಾರ್ವಜನಿಕ ಕಲೆಯ ಒಂದು ಪ್ರಭೇದವಾಗಿ ಹಲವೆಡೆ ಬೆಳೆದಿದೆ. ಅದರ ಅತ್ಯಂತ ವ್ಯವಸ್ಥಿತ ನಿದರ್ಶನಗಳಲ್ಲಿ ಲಿಂಕನ್ ಸಿಟಿಯದೂ ಒಂದು. ಆದುದರಿಂದ ಅದನ್ನೇ ಹಿಡಿದು ವಿಚಾರಿಸುವುದು ಉಚಿತವೆಂದು ತೋರಿತು.

ಮೊದಲು ಆ ಗುಂಡಿನ ಪೂರ್ವಚರಿತ್ರೆ. ಕಡಲಿನಲ್ಲಿ ಬೀಸಿದ ಬಲೆ ಮುಳುಗದಿರಲು ಅದರ ಮೇಲಂಚಿಗೆ ತೇಲುವ ವಸ್ತುಗಳನ್ನು ಕಟ್ಟಬೇಕಾಗುತ್ತದೆ. ಮರ, ತೊಗಟೆ, ಒಣಗಿದ ಸೋರೆಬುರುಡೆ ಮೊದಲಾದವು ಲೋಕದ ಬೇರೆ ಬೇರೆ ಕಡೆ ಈ ಕೆಲಸ ಮಾಡಿವೆ. ನಮ್ಮ ಹಳ್ಳಿಗಳಲ್ಲಿ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು ಇನ್ನೂ ಇದ್ದಾರೆ. ಅದನ್ನು ನೆನೆದೇ ನಾವು ಈ ಗಾಜಿನ ಗುಂಡನ್ನು ಬುರುಡೆ ಎಂದು ಕರೆಯಲಿದ್ದೇವೆ. ಆ ಪದದ ಇನ್ನೊಂದು ಬಳಕೆ ನೆನಪಾಗುವವರು ಮನ್ನಿಸಬೇಕು. ಒಳಗೆ ಗಾಳಿ ತುಂಬಿದ ಗಾಜಿನ ಬುರುಡೆಯನ್ನು ಬಲೆಗೆ ಕಟ್ಟುವ ಪದ್ಧತಿ 1840ರ ದಶಕದಲ್ಲಿ ನಾರ್ವೆಯಲ್ಲಿ ಮೊದಲಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನ್ ಅದನ್ನು ಕೈಗೆತ್ತಿಕೊಂಡು ಅಪಾರ ಪ್ರಮಾಣದಲ್ಲಿ ತಯಾರಿಸಿತು. ಹೊಕ್ಕೈಡೊ ದ್ವೀಪದ ಒಟಾರು ಬಂದರು ಈ ಕಸುಬಿನ ಹೆಸರಾದ ನೆಲೆ.

ತಯಾರಿಕೆಯ ಕ್ರಮ ಸರಳವಾದರೂ ಕೈಚಳಕ ಬೇಡುವಂಥದು. ಹಳೆಯ ಸೀಸೆಗಳನ್ನು ಕರಗಿಸಿ, ಊದುಕೊಳವೆಯ ತುದಿಗೆ ಗಾಜಿನ ಮುದ್ದೆಯನ್ನು ಹಿಡಿದು, ಊದಿ ಉಬ್ಬಿಸಿ, ಕೊಳವೆಯಿಂದ ಬೇರ್ಪಡಿಸಿದಾಗ ಉಳಿಯುವ ರಂಧ್ರಕ್ಕೆ ಕರಗಿದ ಗಾಜಿನದೇ ಒಂದು ಬಿಲ್ಲೆಯನ್ನಿಟ್ಟು ಮುಚ್ಚುತ್ತಾರೆ. ಕೆಲವು ಬುರುಡೆಗಳಲ್ಲಿ ಆ ಬಿಲ್ಲೆಯ ಮೇಲೆ ತಯಾರಕನ ಮುದ್ರೆಯಿರುತ್ತದೆ. ಶಾಸನಾಭ್ಯಾಸಿಗಳಾದ ನಮಗೆ ಇಂಥ ಮುದ್ರೆಗಳೆಂದರೆ ಸಹಜವಾದ ಮೋಹ. ಕರಗಿಸಿದ ಸೀಸೆಗಳ ಬಣ್ಣದಿಂದಾಗಿ ಹೆಚ್ಚಿನ ಬುರುಡೆಗಳು ತಿಳಿಹಸಿರು. ಬಲೆಯೊಡನೆ ಕೆಲವೊಮ್ಮೆ ಆಳಕ್ಕೆ ಸೆಳೆಯಲ್ಪಟ್ಟು, ಅಲ್ಲಿಯ ಒತ್ತಡಕ್ಕೆ ಕಣ್ಣಿಗೆ ಕಾಣದ ಬಿರುಕಿನಿಂದ ನೀರು ಒಳನುಗ್ಗಿ, ಮೇಲೆ ಬಂದ ಮೇಲೆ ಹೊರಹೋಗಲಾರದೆ ಅಲ್ಲೇ ಉಳಿದ ಬುರುಡೆಗಳೂ ಸಿಗುತ್ತವೆ. ಮುಚ್ಚಿದ ಗಾಜಿನೊಳಗೆ ಕಡಲಿನ ನೀರು ಅಲುಗಾಡುವುದನ್ನು ನೋಡಿದವರು ಅದನ್ನು ಮರೆಯುವುದಿಲ್ಲ.

ಬಲೆಯಿಂದ ಕಳಚಿಕೊಂಡ ಬುರುಡೆ ಮುಳುಗುವುದಿಲ್ಲ, ಕೊಳೆಯುವುದಿಲ್ಲ, ಸುಲಭವಾಗಿ ಒಡೆಯುವುದೂ ಇಲ್ಲ. ಜಪಾನಿನ ತೀರದ ಕುರೊಶಿಯೊ ಪ್ರವಾಹ ಅದನ್ನು ಉತ್ತರಕ್ಕೆ ಒಯ್ದು ಪೆಸಿಫಿಕ್ ಸಾಗರದ ಅಡ್ಡಪ್ರವಾಹಕ್ಕೆ ಒಪ್ಪಿಸುತ್ತದೆ. ಅಲ್ಲಿಂದ ಅಮೆರಿಕದ ತೀರದ ಸನಿಹಕ್ಕೆ ಬಂದು, ಮತ್ತೆ ದಕ್ಷಿಣಕ್ಕೆ ಹರಿದು, ಮತ್ತೆ ಪಶ್ಚಿಮಕ್ಕೆ ತಿರುಗುವ ಈ ಮಹಾಚಕ್ರವನ್ನು ಒಂದು ಸುತ್ತು ಮುಗಿಸಲು ವರ್ಷಗಳೇ ಬೇಕು. ದಶಕಗಳ ಕಾಲ ಸುತ್ತಿದ ಬುರುಡೆಗಳುಂಟು. ಚಳಿಗಾಲದ ಬಿರುಗಾಳಿ ಪಶ್ಚಿಮದಿಂದ ಬಲವಾಗಿ ಬೀಸಿದಾಗ ಮಾತ್ರ ಅವುಗಳಲ್ಲಿ ಕೆಲವು ಚಕ್ರದಿಂದ ಹೊರಬಿದ್ದು ವಾಷಿಂಗ್ಟನ್, ಆರೆಗನ್ ರಾಜ್ಯಗಳ ಮರಳಿಗೆ ಬಂದು ಬೀಳುತ್ತಿದ್ದವು. ಬಿರುಗಾಳಿ ಕಳೆದ ಮುಂಜಾನೆ ಲಾಟೀನು ಹಿಡಿದು ಕಡಲಿಗೆ ಹೋಗುವುದು ಅಲ್ಲಿಯವರಿಗೆ ಒಂದು ವ್ಯಸನವೇ ಆಗಿತ್ತು. ಅಮೋಸ್ ವುಡ್ ಎಂಬವರು 1967ರಲ್ಲಿ ಈ ಹುಡುಕಾಟದ ಬಗ್ಗೆಯೇ ಒಂದು ಕೈಪಿಡಿಯನ್ನು ಪ್ರಕಟಿಸಿದರು. ಆದರೆ ಆ ವೇಳೆಗೆ ಮೀನುಗಾರರು ಪ್ಲಾಸ್ಟಿಕ್ಕಿಗೂ ಅಲ್ಯುಮಿನಿಯಮ್ಮಿಗೂ ತಿರುಗಿಕೊಂಡಾಗಿತ್ತು. ತೇಲಿಬರುವ ಗಾಜು ವರ್ಷದಿಂದ ವರ್ಷಕ್ಕೆ ವಿರಳವಾಯಿತು.

ಈ ಹಿನ್ನೆಲೆಯಲ್ಲಿ ಲಿಂಕನ್ ಸಿಟಿಯ ಯೋಜನೆಯನ್ನು ನೋಡಬೇಕು. 1965ರಲ್ಲಿ ಅಕ್ಕಪಕ್ಕದ ಐದು ಪುಟ್ಟ ಊರುಗಳು ಕೂಡಿ ಆದ ಪಟ್ಟಣ ಅದು. ಇಂದಿಗೂ ಜನಸಂಖ್ಯೆ ಹತ್ತು ಸಾವಿರದ ಆಸುಪಾಸು. ಏಳು ಮೈಲಿ ಉದ್ದದ ಮರಳದಂಡೆಯೇ ಅದರ ಆಸ್ತಿ. 2000ನೆಯ ಇಸವಿಯ ಆಗಮನವನ್ನು ಆಚರಿಸುವುದು ಹೇಗೆಂಬ ಚರ್ಚೆ ನಡೆದಾಗ, ಸ್ಥಳೀಯ ಕಲಾವಿದ ಬ್ರಯನ್ ಡಂಕನ್ ಅವರ ಸಲಹೆಯಂತೆ, ಕಲಾವಿದರಿಂದ ಎರಡು ಸಾವಿರ ಗಾಜಿನ ಬುರುಡೆಗಳನ್ನು ಊದಿಸಿ 1999ರ ಅಕ್ಟೋಬರಿನಿಂದ ಮುಂದಿನ ವಸಂತದವರೆಗೆ ಮರಳದಂಡೆಯ ಉದ್ದಕ್ಕೂ ಬಚ್ಚಿಡಲಾಯಿತು. ಒಂದು ಬಾರಿಯ ಉತ್ಸವವೆಂದು ತೊಡಗಿದ್ದು ನಿಲ್ಲಲಿಲ್ಲ. ಈಗ ವರ್ಷವಿಡೀ ನಡೆಯುತ್ತದೆ. ವರ್ಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ಬುರುಡೆಗಳು ಮರಳಿಗೆ ಹೋಗುತ್ತವೆ. ‘ಫೈಂಡರ್ಸ್ ಕೀಪರ್ಸ್’ ಎಂಬುದು ಯೋಜನೆಯ ಹೆಸರು. ಅಲ್ಲಿಯ ಮಕ್ಕಳ ಆಟದ ಮಾತು ಅದು. ‘ಸಿಕ್ಕಿದವರಿಗೆ ಸೀರುಂಡೆ’ ಎಂಬ ನಮ್ಮ ಮಾತು ಅದಕ್ಕೆ ಹತ್ತಿರದ್ದು.

ಕ್ರಮ ಹೀಗಿದೆ. ಪ್ರತಿಯೊಂದು ಬುರುಡೆಗೂ ಕಲಾವಿದನ ಸಹಿ ಮತ್ತು ಒಂದು ಸಂಖ್ಯೆ ಇರುತ್ತದೆ. ಬಚ್ಚಿಡುವವರು ಊರಿನ ಸ್ವಯಂಸೇವಕರು. ಅವರನ್ನು ಬುರುಡೆಯ ಯಕ್ಷಿಣಿಯರೆಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ನಮ್ಮ ಕಥೆಗಳಲ್ಲಿ ನಿಧಿಯನ್ನು ಸರ್ಪ ಕಾಯುತ್ತದೆ. ಅಲ್ಲಿ ಯಕ್ಷಿಣಿಯರು ಹಂಚುತ್ತಾರೆ ಎಂಬುದು ಪ್ರಾಸಂಗಿಕವಾಗಿ ಹೇಳಬೇಕಾದ ಮಾತು. ಹಗಲಿನಲ್ಲಿಯೇ, ಉಬ್ಬರದ ಗೆರೆಗಿಂತ ಮೇಲೆ, ದಂಡೆಯ ದಿಬ್ಬಕ್ಕಿಂತ ಕೆಳಗೆ ಇಡಬೇಕೆಂಬುದು ಕಟ್ಟಳೆ. ಉಬ್ಬರದ ಗೆರೆಯ ಕೆಳಗಿಟ್ಟರೆ ಕಡಲು ಒಯ್ಯುತ್ತದೆ. ದಿಬ್ಬದ ಮೇಲಿಟ್ಟರೆ ಹುಡುಕುವವರು ಹುಲ್ಲನ್ನೂ ಕುಸಿಯುವ ಮಣ್ಣನ್ನೂ ತುಳಿದು ಹಾಳುಮಾಡುತ್ತಾರೆ. ಸಿಕ್ಕವರು ಸಂಖ್ಯೆಯನ್ನು ಕಚೇರಿಗೆ ತಿಳಿಸಿದರೆ ಅದನ್ನು ಊದಿದ ಕಲಾವಿದರ ಪರಿಚಯವೂ ಒಂದು ಪ್ರಮಾಣಪತ್ರವೂ ಬರುತ್ತದೆ. ತಿಳಿಸದಿದ್ದರೂ ವಸ್ತು ಸಿಕ್ಕವರದೇ.

ಇಲ್ಲಿ ಬಚ್ಚಿಡುವುದರಲ್ಲಿಯೂ ಒಂದು ಕುಶಲತೆಯಿದೆಯೆಂಬುದನ್ನು ಗಮನಿಸಬೇಕು. ಮರಳಿನಲ್ಲಿ ಹೂತರೆ ಯಾರಿಗೂ ಸಿಗುವುದಿಲ್ಲ, ಬಯಲಿನಲ್ಲಿಟ್ಟರೆ ಹುಡುಕಿದಂತಾಗುವುದಿಲ್ಲ. ದಿಮ್ಮಿಯ ಮಗ್ಗುಲು, ಒಣಗಿದ ಕಡಲಪಾಚಿಯ ಮರೆ, ಎರಡು ಬಂಡೆಗಳ ನಡುವಣ ಸಂದು ಇಂಥ ಎಡೆಗಳೇ ಬೇಕು. ಮಮ್ಮಟ ತನ್ನ ‘ಕಾವ್ಯಪ್ರಕಾಶ’ದ ಐದನೆಯ ಉಲ್ಲಾಸದಲ್ಲಿ ವ್ಯಂಗ್ಯಾರ್ಥ ಹಿಂದೆ ಸರಿದ ಕಾವ್ಯದ ಎಂಟು ಭೇದಗಳನ್ನು ಹೇಳುತ್ತ, ‘ಅಗೂಢ’ ಮತ್ತು ‘ಅಸ್ಫುಟ’ ಎಂಬೆರಡನ್ನೂ ಅದೇ ಪಟ್ಟಿಯಲ್ಲಿ ಸೇರಿಸಿದ್ದಾನೆ. ಥಟ್ಟನೆ ಹೊರಗೆ ಕಾಣುವ ಧ್ವನಿಯೂ ಕುಂದಿದ್ದು, ಕಷ್ಟಪಟ್ಟರೂ ಕಾಣದ ಧ್ವನಿಯೂ ಕುಂದಿದ್ದು. ಕಾಶ್ಮೀರದ ಆ ಆಲಂಕಾರಿಕನಿಗೆ ಪೆಸಿಫಿಕ್ ತೀರದ ಯಕ್ಷಿಣಿಯರ ಕಷ್ಟ ಚೆನ್ನಾಗಿ ಅರ್ಥವಾಗುತ್ತಿತ್ತೆಂದು ನಮ್ಮ ನಂಬಿಕೆ.

ಈ ಯೋಜನೆ ಸಾಧ್ಯವಾಗಲು ಇನ್ನೊಂದು ಅಂಶ ಅತ್ಯಗತ್ಯವಾಗಿತ್ತು. ಅದನ್ನು ಪ್ರವಾಸಿ ಕೈಪಿಡಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಬಚ್ಚಿಟ್ಟ ವಸ್ತು ಯಾರಿಗಾದರೂ ಸಿಗಬೇಕಾದರೆ ಆ ನೆಲದ ಮೇಲೆ ಯಾರಾದರೂ ನಡೆಯುವಂತಿರಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಕಡಲತಡಿಯ ಮರಳು ಖಾಸಗಿ ಸೊತ್ತು. ಆರೆಗನ್ನಿನಲ್ಲಿ 1913ರಲ್ಲಿಯೇ ಗವರ್ನರ್ ಓಸ್ವಾಲ್ಡ್ ವೆಸ್ಟ್ ಅವರು ಉಬ್ಬರ ಇಳಿತಗಳ ನಡುವಣ ಒದ್ದೆ ಮರಳನ್ನು ಸಾರ್ವಜನಿಕ ಹೆದ್ದಾರಿಯೆಂದು ಘೋಷಿಸುವ ಕಾಯಿದೆ ತಂದರು. ಮೇಲಿನ ಒಣ ಮರಳಿನ ಪ್ರಶ್ನೆ ಹಾಗೆಯೇ ಉಳಿದಿತ್ತು. 1966ರಲ್ಲಿ ಕ್ಯಾನನ್ ಬೀಚಿನ ಹೋಟೆಲೊಂದು ತನ್ನ ಮುಂದಿನ ಒಣ ಮರಳಿಗೆ ಬೇಲಿ ಹಾಕಿ ಹೊರಗಿನವರನ್ನು ತಡೆದಾಗ ದೊಡ್ಡ ಗದ್ದಲವೆದ್ದಿತು. ಗವರ್ನರ್ ಟಾಮ್ ಮೆಕಾಲ್ 1967ರಲ್ಲಿ ಭೂಮಾಪಕರೊಡನೆ ಹೆಲಿಕಾಪ್ಟರಿನಲ್ಲಿ ಮರಳಿಗಿಳಿದು ಸಾರ್ವಜನಿಕ ಭಾಗದ ಎಲ್ಲೆ ಎಲ್ಲಿರಬೇಕೆಂದು ತೋರಿಸಿದರು. ಅದೇ ವರ್ಷ, ಹುಲ್ಲು ಬೆಳೆಯತೊಡಗುವ ಗೆರೆಯವರೆಗಿನ ಮರಳನ್ನು ಬಳಸುವ ಹಕ್ಕು ಜನರದೆಂಬ ಕಾಯಿದೆ ಬಂದಿತು. 1969ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ಹಕ್ಕನ್ನು ಎತ್ತಿಹಿಡಿಯಿತು. ನಮಗೆ ವಿಶೇಷವೆನಿಸುವುದು ಅದಕ್ಕೆ ನ್ಯಾಯಾಲಯ ಕೊಟ್ಟ ಆಧಾರ: ರೂಢಿ. ನೆನಪಿಗೆ ನಿಲುಕದ ಕಾಲದಿಂದ ಜನ ಅಲ್ಲಿ ನಡೆದಾಡಿದ್ದಾರೆ, ಆದುದರಿಂದ ಅದು ನಡೆದಾಡುವವರದು. ಆಚಾರವನ್ನು ಧರ್ಮದ ಆಕರಗಳಲ್ಲಿ ಒಂದಾಗಿ ಎಣಿಸಿದ ನಮ್ಮ ಸ್ಮೃತಿಕಾರರಿಗೆ ಈ ತೀರ್ಪು ಹೊಸದೆನಿಸುತ್ತಿರಲಿಲ್ಲ. ಬುರುಡೆಗಳನ್ನಿಡುವುದು ಬಹುಪಾಲು ಆ ಒಣ ಮರಳಿನ ಮೇಲೆಯೇ.

ಮೊದಲ ಓದಿಗೆ ನಾವು ಇದನ್ನು ಪ್ರವಾಸೋದ್ಯಮದ ಜಾಣತನವೆಂದೇ ತಳ್ಳಿಹಾಕಿದ್ದೆವು. ಆ ಅನುಮಾನ ಈಗಲೂ ಪೂರ್ತಿ ಹೋಗಿಲ್ಲ. ಯೋಜನೆಯನ್ನು ನಡೆಸುವುದು ನಗರದ ಪ್ರವಾಸೋದ್ಯಮ ಕಚೇರಿ. ಚಳಿಗಾಲದಲ್ಲಿ ಖಾಲಿ ಬೀಳುತ್ತಿದ್ದ ತಂಗುಮನೆಗಳಿಗೆ ಇದರಿಂದ ಲಾಭವಾಗುತ್ತದೆಯೆಂಬುದನ್ನು ಯಾರೂ ಮುಚ್ಚಿಟ್ಟಿಲ್ಲ. ಊರಿನ ಗಾಜಿನ ಕಾರ್ಯಾಗಾರಗಳಲ್ಲಿ ಹಣ ಕೊಟ್ಟು ಅಂಥದೇ ಬುರುಡೆಯನ್ನು ಕೊಳ್ಳಬಹುದು, ತಾವೇ ಊದಲೂಬಹುದು. ಹೀಗಿರುವಾಗ ಬಚ್ಚಿಟ್ಟದ್ದು ಕಲೆಯೋ, ಅಂಗಡಿಯ ಜಾಹೀರಾತೋ? ಆದರೆ ಕೊಂಡ ಬುರುಡೆಗೂ ಸಿಕ್ಕ ಬುರುಡೆಗೂ ಗಾಜಿನಲ್ಲಿ ವ್ಯತ್ಯಾಸವಿಲ್ಲದಿದ್ದರೂ ಜನ ಸಿಕ್ಕದ್ದಕ್ಕಾಗಿ ಮಳೆಯಲ್ಲಿ ಮೂರು ದಿನ ನಡೆಯುತ್ತಾರೆ. ಹಾಗಾದರೆ ಕೃತಿ ಇರುವುದು ಗಾಜಿನಲ್ಲಲ್ಲ. ಇಟ್ಟವರ ಮತ್ತು ಕಂಡವರ ನಡುವೆ, ಪರಸ್ಪರ ಗುರುತಿಲ್ಲದೆ ನಡೆದ ಒಂದು ವ್ಯವಹಾರದಲ್ಲಿ. ಸಿಗದೆ ಹೋದವರೂ ಅದರಿಂದ ಹೊರಗಿಲ್ಲ. ಮೂರು ದಿನ ಪಾಚಿಯ ಮರೆಯನ್ನೂ ಬಂಡೆಯ ಸಂದನ್ನೂ ದಿಟ್ಟಿಸಿ ನಡೆದವರು ಆ ಕಡಲತಡಿಯನ್ನು ನೋಡಿದಷ್ಟು ಅದನ್ನು ಬರಿದೇ ನೋಡಲು ಬಂದವರು ನೋಡಿರುವುದಿಲ್ಲ.

ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ಕೊಡುಗೆಯೆಂಬುದು ಎಂದೂ ಪುಕ್ಕಟೆಯಲ್ಲ, ಪಡೆದವನ ಮೇಲೆ ಮರಳಿ ಕೊಡುವ ಹೊರೆ ಬೀಳುತ್ತದೆಯೆಂದು ವಾದಿಸಿದ. ನಮ್ಮ ಗುಪ್ತದಾನದ ಕಲ್ಪನೆ ಆ ಹೊರೆಯನ್ನು ಇಳಿಸುವ ಒಂದು ಉಪಾಯ. ದಾರಿಯ ಅರವಟ್ಟಿಗೆಯಲ್ಲಿ ನೀರು ಕುಡಿದವನು ಅದನ್ನು ಇಡಿಸಿದವನ ಮುಖವನ್ನೇ ಕಂಡಿರುವುದಿಲ್ಲ. ಆದರೆ ಅರವಟ್ಟಿಗೆ ಬಾಯಾರಿದವನಿಗಾಗಿ. ಗಾಜಿನ ಬುರುಡೆ ಯಾರಿಗೂ ಅಗತ್ಯವಿಲ್ಲ. ಅಗತ್ಯವಿಲ್ಲದ್ದನ್ನು ಗುರುತಿಲ್ಲದವನಿಗೆ ಕೊಡುವುದಕ್ಕೆ ನಮ್ಮ ದಾನಶಾಸ್ತ್ರದಲ್ಲಿ ಹೆಸರಿಲ್ಲ.

ಇಂಥ ಬಚ್ಚಿಡುವಿಕೆ ಲಿಂಕನ್ ಸಿಟಿಯಲ್ಲೇ ಹುಟ್ಟಿದ್ದೇನೂ ಅಲ್ಲ. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ 1854ರಲ್ಲಿ ಕ್ರಾನ್‌ಮಿಯರ್ ಎಂಬ ದುರ್ಗಮ ಸ್ಥಳದಲ್ಲಿ ಒಂದು ಸೀಸೆಯನ್ನಿಟ್ಟು, ಅಲ್ಲಿಯವರೆಗೆ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕುವಂತೆ ಮಾಡಿದ. ಅದರಿಂದ ಬೆಳೆದ ಪೆಟ್ಟಿಗೆ ಹುಡುಕುವ ಹವ್ಯಾಸ ಇಂದಿಗೂ ಇದೆ. ಆರೆಗನ್ನಿನದೇ ಇನ್ನೊಂದು ಘಟನೆ ಬುರುಡೆಗಳ ಆ ಮೊದಲ ಸುತ್ತು ಮುಗಿದ ವಸಂತದ್ದು. 2000ದ ಮೇ ತಿಂಗಳ ಮೊದಲಲ್ಲಿ ಅಮೆರಿಕ ಸರ್ಕಾರ ಉಪಗ್ರಹಗಳ ಸ್ಥಾನಸೂಚಕ ಸಂಕೇತಗಳಲ್ಲಿ ಬೇಕೆಂದೇ ಬೆರೆಸಿದ್ದ ದೋಷವನ್ನು ತೆಗೆದುಹಾಕಿತು. ಮೇ 3ರಂದು ಡೇವ್ ಅಲ್ಮರ್ ಎಂಬವರು ಬೀವರ್‌ಕ್ರೀಕ್ ಎಂಬಲ್ಲಿ ಕಾಡಿನಂಚಿಗೆ ಒಂದು ಬಕೆಟ್ಟನ್ನು ಹುದುಗಿಸಿ ಅದರ ಅಕ್ಷಾಂಶ ರೇಖಾಂಶಗಳನ್ನು ಸಾರಿದರು. ಜಿಯೋಕ್ಯಾಶಿಂಗ್ ಎಂದು ಲೋಕವ್ಯಾಪಿಯಾದ ಆಟ ಹುಟ್ಟಿದ್ದು ಹಾಗೆ. ಅಲ್ಲಿ ಸ್ಥಳ ಗೊತ್ತು, ತಲುಪಬೇಕು. ಮರಳದಂಡೆಯಲ್ಲಿ ಸ್ಥಳವೂ ಗೊತ್ತಿಲ್ಲ, ಅಂದು ಅಲ್ಲಿ ಏನಾದರೂ ಇದೆಯೆಂಬುದೂ ಗೊತ್ತಿಲ್ಲ. ನಮಗೆ ಎರಡನೆಯದೇ ಹೆಚ್ಚು ಕಾವ್ಯಮಯವಾಗಿ ಕಾಣುತ್ತದೆ. ದೇಶದ ಇನ್ನೊಂದು ತುದಿಯಲ್ಲಿ, ರೋಡ್ ಐಲೆಂಡ್ ರಾಜ್ಯದ ಬ್ಲಾಕ್ ಐಲೆಂಡಿನಲ್ಲಿ, ಎಬನ್ ಹಾರ್ಟನ್ ಎಂಬ ಗಾಜಿನ ಕಲಾವಿದ 2012ರಲ್ಲಿ ಇಂಥದೇ ಯೋಜನೆಯನ್ನು ತೊಡಗಿದ. ಅಲ್ಲಿಯ ಬುರುಡೆಗಳಲ್ಲಿ ಹೆಚ್ಚಿನವು ಬಣ್ಣವಿಲ್ಲದವು. ಒಬ್ಬರು ಒಂದನ್ನೇ ಇಟ್ಟುಕೊಂಡು, ಮತ್ತೊಂದು ಕಂಡರೆ ಇದ್ದಲ್ಲೇ ಬಿಡಬೇಕೆಂಬ ಕೋರಿಕೆಯಿದೆ. ಬರಿಯ ಕೋರಿಕೆ, ನೋಡುವವರು ಯಾರೂ ಇಲ್ಲ.

ಹುಡುಕಾಟ ಕೆಟ್ಟ ದಾರಿ ಹಿಡಿದ ನಿದರ್ಶನವೂ ಉಂಟು, ಮತ್ತು ಅದನ್ನು ಮರೆಯುವಂತಿಲ್ಲ. ಇಂಗ್ಲೆಂಡಿನ ಚಿತ್ರಕಾರ ಕಿಟ್ ವಿಲಿಯಮ್ಸ್ 1979ರಲ್ಲಿ ‘ಮ್ಯಾಸ್ಕರೇಡ್’ ಎಂಬ ಚಿತ್ರಪುಸ್ತಕವನ್ನು ಪ್ರಕಟಿಸಿದ. ತನ್ನ ಕೈಯಾರೆ ಮಾಡಿದ ಚಿನ್ನದ ಮೊಲವೊಂದನ್ನು, ಲೋಹಶೋಧಕಗಳಿಗೆ ಸಿಗದಂತೆ ಸುಟ್ಟ ಮಣ್ಣಿನ ಕವಚದಲ್ಲಿಟ್ಟು, ಲೇಖಕ ಬ್ಯಾಂಬರ್ ಗ್ಯಾಸ್ಕೋಯಿನ್ ಅವರ ಸಾಕ್ಷಿಯಲ್ಲಿ ಗುಟ್ಟಾಗಿ ಹೂತಿದ್ದ. ಜಾಗದ ಸುಳಿವು ಪುಸ್ತಕದ ಚಿತ್ರಗಳಲ್ಲಿ ಅಡಗಿತ್ತು. ಸಹಸ್ರಾರು ಜನ ಗುದ್ದಲಿ ಹಿಡಿದು ಹೊರಟರು. ಸಂಬಂಧವಿಲ್ಲದವರ ತೋಟಗಳೂ ಅಗೆತಕ್ಕೆ ಸಿಕ್ಕವು. 1982ರಲ್ಲಿ ಬೆಡ್‌ಫರ್ಡ್‌ಷೈರಿನ ಆಂಪ್ಟ್‌ಹಿಲ್ ಉದ್ಯಾನದಲ್ಲಿ ಒಬ್ಬ ಅದನ್ನು ಅಗೆದು ತೆಗೆದ. ಒಗಟನ್ನು ಪ್ರಾಮಾಣಿಕವಾಗಿ ಬಿಡಿಸಿದ ಇಬ್ಬರು ಭೌತಶಾಸ್ತ್ರದ ಉಪಾಧ್ಯಾಯರು ಸ್ವಲ್ಪದರಲ್ಲಿ ತಪ್ಪಿಸಿಕೊಂಡಿದ್ದರು. ಗೆದ್ದವನಿಗೆ ಸುಳಿವು ದೊರೆತದ್ದು ಪುಸ್ತಕದಿಂದಲ್ಲ, ಕಲಾವಿದನ ಹಿಂದಿನ ಆಪ್ತವಲಯದಿಂದ ಎಂಬುದನ್ನು 1988ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಬಯಲಿಗೆಳೆಯಿತು. ಆ ವರ್ಷವೇ ಮೊಲ 31,900 ಪೌಂಡಿಗೆ ಹರಾಜಾಯಿತು. ಒಂದೇ ವಸ್ತು, ಒಬ್ಬನೇ ಗೆಲ್ಲುವವನು, ಬೆಲೆಬಾಳುವ ಲೋಹ, ಈ ಮೂರೂ ಕೂಡಿದಲ್ಲಿ ಆಟ ಬಹಳ ಕಾಲ ಆಟವಾಗಿ ಉಳಿಯದು.

ಚಿನ್ನದ ಆಸೆಯ ಮಾತು ಬಂದಾಗ ನಮ್ಮ ನಾಡಿನ ಒಂದು ನೋವನ್ನೂ ಹೇಳಲೇಬೇಕು. ನಿಧಿಯಿದೆಯೆಂಬ ಭ್ರಮೆಯಿಂದ ವೀರಗಲ್ಲುಗಳನ್ನು ಕೀಳುವುದು, ಗರ್ಭಗುಡಿಗಳನ್ನು ಅಗೆಯುವುದು, ನಂದಿಯ ಹೊಟ್ಟೆ ಒಡೆಯುವುದು ಕರ್ನಾಟಕದಲ್ಲಿ ಇಂದಿಗೂ ನಿಂತಿಲ್ಲ. 2019ರ ಜುಲೈಯಲ್ಲಿ ಆನೆಗೊಂದಿಯ ಬಳಿಯ ನವಬೃಂದಾವನದಲ್ಲಿ ವ್ಯಾಸರಾಯರ ಬೃಂದಾವನವನ್ನೇ ನಿಧಿಗಳ್ಳರು ರಾತ್ರಿ ಕೆಡವಿದರು. ಕೃಷ್ಣದೇವರಾಯನಿಂದ ಗೌರವ ಪಡೆದ ಯತಿಯ ಸಮಾಧಿಯದು. ಅಕ್ಷರವಿರುವ ಕಲ್ಲು ಅಂಥವರ ಕಣ್ಣಿಗೆ ಗುಟ್ಟಿನ ಗುರುತು. ನಮಗೆ ಕಳೆದುಹೋಗುವುದು ಅಕ್ಷರ.

ಈಗ ಪತ್ರದ ಪ್ರಶ್ನೆಗೆ ಬರಬಹುದು. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿ ಈ ವಿಷಯಕ್ಕೆ ಸ್ಪಷ್ಟವಾದ ವಿಂಗಡಣೆಯಿದೆ. ನಿಕ್ಷೇಪವೆಂದರೆ ಒಬ್ಬನು ಇನ್ನೊಬ್ಬನನ್ನು ನಂಬಿ, ಎಣಿಸಿ ತೋರಿಸಿ ಒಪ್ಪಿಸಿದ ವಸ್ತು. ಒಳಗೇನಿದೆಯೆಂದು ಹೇಳದೆ ಮುದ್ರೆಯೊತ್ತಿ ಇಟ್ಟದ್ದು ಉಪನಿಧಿ. ಎರಡರಲ್ಲೂ ಒಡೆಯನಿದ್ದಾನೆ, ಕಾಪಾಡಿ ಹಿಂದಿರುಗಿಸುವುದು ಧರ್ಮ. ನಿಧಿಯಾದರೋ ಬಹುಕಾಲ ನೆಲದಲ್ಲಿ ಹುದುಗಿ ಒಡೆಯನ ಗುರುತು ಅಳಿಸಿಹೋದದ್ದು. ಅಂಥದು ಸಾಮಾನ್ಯನಿಗೆ ಸಿಕ್ಕರೆ ರಾಜ ಅವನಿಗೆ ಆರನೆಯ ಒಂದು ಪಾಲು ಕೊಟ್ಟು ಉಳಿದದ್ದನ್ನು ತಾನು ತೆಗೆದುಕೊಳ್ಳಬೇಕೆಂಬುದು ವಿಜ್ಞಾನೇಶ್ವರನ ನಿರ್ಣಯ. ವಿದ್ವಾಂಸನಾದ ಬ್ರಾಹ್ಮಣನಿಗೆ ಪೂರ್ತಿ ಸಲ್ಲುತ್ತದೆಂಬ ವಿಧಿಯೂ ಅಲ್ಲಿದೆ. ಸ್ಮೃತಿಗಳನ್ನು ಬರೆದವರು ಯಾರೆಂಬುದನ್ನು ನೆನೆದರೆ ಅದು ಆಶ್ಚರ್ಯವಲ್ಲ. 1878ರ ಭಾರತದ ನಿಧಿ ಕಾಯಿದೆಯಂತೆ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವನು ಕಲೆಕ್ಟರರಿಗೆ ತಿಳಿಸಬೇಕು; ಒಡೆಯನಿಲ್ಲವೆಂದು ತೀರ್ಮಾನವಾದರೆ, ಬೇರೆ ಒಪ್ಪಂದವಿಲ್ಲದಾಗ, ಸಿಕ್ಕವನಿಗೆ ಮುಕ್ಕಾಲು, ನೆಲದೊಡೆಯನಿಗೆ ಕಾಲು. ಆರನೆಯ ಒಂದರಿಂದ ಮುಕ್ಕಾಲಿಗೆ ಬರಲು ಏಳೂವರೆ ಶತಮಾನ ಹಿಡಿಯಿತು.

ಗಾಜಿನ ಬುರುಡೆ ಈ ಯಾವ ಮನೆಯಲ್ಲೂ ಪೂರ್ತಿ ಕೂರುವುದಿಲ್ಲ. ಸಹಿಯೂ ಸಂಖ್ಯೆಯೂ ಇರುವುದರಿಂದ ಒಡೆಯನ ಗುರುತು ಅಳಿದಿಲ್ಲ; ಹಾಗಾಗಿ ನಿಧಿಯಲ್ಲ. ಹಿಂದಿರುಗಿಸಬೇಕಾಗಿಲ್ಲ, ಹಾಗಾಗಿ ಉಪನಿಧಿಯೂ ಅಲ್ಲ. ಆದರೆ ಒಬ್ಬರು ಇನ್ನೊಬ್ಬರನ್ನು ನಂಬಿ ಎಣಿಸಿ ಇಟ್ಟದ್ದೆಂಬ ಅರ್ಥದಲ್ಲಿ ನಿಕ್ಷೇಪಕ್ಕೇ ಹತ್ತಿರ. ಇಲ್ಲಿ ನಂಬಿದ್ದು ಮಾತ್ರ ಹೆಸರು ಗೊತ್ತಿಲ್ಲದ ಒಬ್ಬರನ್ನು. ಅಂದು ತರಗತಿಯಲ್ಲಿ ಹೇಳಬೇಕಾಗಿದ್ದ ಉತ್ತರ ಇದೇ ಇರಬಹುದು. ಶಾಸನದ ಆ ಎರಡು ಪದಗಳು ಒಂದನ್ನೇ ಹೇಳುವುದಿಲ್ಲ. ಒಂದರಲ್ಲಿ ಮರೆವಿದೆ, ಇನ್ನೊಂದರಲ್ಲಿ ನಂಬಿಕೆಯಿದೆ. ಶಾಸನಗಳಲ್ಲಿ ನಿಕ್ಷೇಪಕ್ಕೆ ಹೂತಿಟ್ಟ ಧನವೆಂಬ ಅರ್ಥವೇ ಮುಂದಾಗಿದೆಯೆಂದು ವಾದಿಸುವವರಿದ್ದಾರೆ. ಅವರೊಡನೆ ನಮ್ಮ ಜಗಳವಿಲ್ಲ, ಧರ್ಮಶಾಸ್ತ್ರದ ಅರ್ಥ ಬರೆಸಿದವರ ಕಿವಿಯಲ್ಲಿ ಇದ್ದೇ ಇತ್ತೆಂದಷ್ಟೇ ನಮ್ಮ ಹೇಳಿಕೆ.

ತಾಯಿಯವರ ಹಿಂಜರಿಕೆಯನ್ನು ಮಗಳು ತಮಾಷೆಯೆಂದು ಬರೆದದ್ದನ್ನು ನಾವು ಒಪ್ಪಲಾರೆವು. ಅದೇ ಕಡಲು ಅದೇ ತೀರಕ್ಕೆ ಬೇರೆ ವಸ್ತುಗಳನ್ನೂ ತಂದಿದೆ. 2011ರ ಮಾರ್ಚ್ 11ರ ಸುನಾಮಿಯಲ್ಲಿ ಜಪಾನಿನ ಮಿಸಾವಾ ಬಂದರಿನಿಂದ ಕಳಚಿಹೋದ, ಇಪ್ಪತ್ತು ಮೀಟರ್ ಉದ್ದದ ತೇಲುಗಟ್ಟೆಯೊಂದು 2012ರ ಜೂನಿನಲ್ಲಿ ಲಿಂಕನ್ ಸಿಟಿಯ ದಕ್ಷಿಣಕ್ಕಿರುವ ನ್ಯೂಪೋರ್ಟಿನ ಮರಳಿಗೆ ಬಂದು ತಗುಲಿತು. ಮರುವರ್ಷ ಆರೆಗನ್ನಿನ ಓಷನ್‌ಸೈಡ್ ಮತ್ತು ಫ್ಲಾರೆನ್ಸ್ ಎಂಬೆಡೆಗಳಲ್ಲಿ, ಬೇರೆ ಬೇರೆ ದಿನ, ಕೆಂಪು ಬಣ್ಣದ ಎರಡು ಬಾಗಿದ ತೊಲೆಗಳು ಸಿಕ್ಕವು. ಶಿಂಟೊ ಗುಡಿಯ ಮಹಾದ್ವಾರದ ಮೇಲ್ತೊಲೆಗಳು ಅವು. ಸಿಕ್ಕವರು ಇಟ್ಟುಕೊಳ್ಳಲಿಲ್ಲ. ಪೋರ್ಟ್‌ಲೆಂಡಿನ ಜಪಾನೀ ಉದ್ಯಾನದವರು ಅವನ್ನು ಕಾಪಾಡಿ, ಅವು ಯಾವ ಊರಿನವೆಂದು ಹುಡುಕಿಸಿದರು. ಹಚಿನೊಹೆ ನಗರದ ಒಕುಕಿ ಎಂಬ ಮೀನುಗಾರರ ಕೇರಿಯ ಗುಡಿಯದೆಂದು ತಿಳಿದುಬಂದಿತು. 2015ರಲ್ಲಿ ತೊಲೆಗಳು ಕಡಲು ದಾಟಿ ಮನೆಗೆ ಮರಳಿದವು. ಸಿಕ್ಕವರಿಗೇ ಸೊತ್ತು ಎಂಬ ಫಲಕವಿರುವ ಕಡಲತಡಿಯಲ್ಲಿಯೇ ಹತ್ತು ಹೆಜ್ಜೆಯಾಚೆ ಬಿದ್ದಿರುವುದು ಯಾರದೋ ಮನೆಯ ಬಾಗಿಲಾಗಿರಬಹುದು. ಎತ್ತಿಕೊಳ್ಳುವ ಮೊದಲು ‘ಯಾರದೋ ಏನೋ’ ಎಂದು ಒಂದು ಗಳಿಗೆ ನಿಂತವರನ್ನು ಅನಾಗರಿಕರೆನ್ನುವುದು ಸಲ್ಲದು. ಇಷ್ಟನ್ನು ನಾವು ವಿದ್ಯಾರ್ಥಿನಿಗೆ ಬರೆದೆವು. ಜೊತೆಗೆ, ಆ ತೀರದಲ್ಲಿ ಅಲೆಗೆ ಬೆನ್ನು ಮಾಡಿ ಬಗ್ಗಿ ಹುಡುಕಬಾರದೆಂಬ ಎಚ್ಚರವನ್ನೂ. ಅಲ್ಲಿ ಮುನ್ಸೂಚನೆಯಿಲ್ಲದೆ ಮೇಲೇರಿಬರುವ ದೊಡ್ಡ ಅಲೆಗಳು ತೊಯ್ದ ದಿಮ್ಮಿಗಳನ್ನು ಉರುಳಿಸಿ ಜೀವ ತೆಗೆದದ್ದುಂಟು.

ಪತ್ರದ ಕೊನೆಯ ಭಾಗವೊಂದು ಉಳಿದಿದೆ. ತಾಯಿಯನ್ನು ಕಾರಿನ ಬಳಿ ನಿಲ್ಲಿಸಿ ಮಗಳು ಆ ದಿಮ್ಮಿಯವರೆಗೆ ಓಡಿದರಂತೆ. ಮರಳಿನಲ್ಲಿ ದುಂಡಗಿನ ಒಂದು ಗುಳಿ ಮಾತ್ರ ಇತ್ತು. ಸ್ವಲ್ಪ ದೂರದಲ್ಲಿ ಏಳೆಂಟು ವರ್ಷದ ಹುಡುಗನೊಬ್ಬ ಬುರುಡೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಿಸಿಲಿಗೆ ಒಡ್ಡಿ ನೋಡುತ್ತಿದ್ದ; ಅವನ ತಂದೆ ಸಂಖ್ಯೆಯನ್ನು ಬರೆದುಕೊಳ್ಳುತ್ತಿದ್ದರು. ಮಗಳು ಹಿಂದಿರುಗಿ, ಬೇಕಾದರೆ ಊರಿನ ಕಾರ್ಯಾಗಾರದಲ್ಲಿ ಅಂಥದೇ ಒಂದನ್ನು ಕೊಡಿಸುತ್ತೇನೆಂದರು. ತಾಯಿಯವರು ಬೇಡವೆಂದರು. ಮರುದಿನ ಬೆಳಿಗ್ಗೆ ಆರು ಗಂಟೆಗೆ ಮಗಳನ್ನು ಎಬ್ಬಿಸಿ, ‘ನಡಿ, ಇನ್ನೊಮ್ಮೆ ನೋಡಿ ಬರೋಣು’ ಎಂದು ಅವರೇ ಹೊರಟು ನಿಂತರಂತೆ.